ಬನ್ನು ಮಾರೋನಿಗೆ ಗೋಧಿ ಆಗಲ್ವಂತೆ

ಕೇಳಿ ಇಲ್ಲಿ, ನಿನ್ನೆ ಭಾನುವಾರ ರಾವಂದೂರಲ್ಲಿ ನಂಗೇನಾಯ್ತು ಅಂತ ಹೇಳಿದ್ರೆ ನೀವು ನಂಬಲ್ಲ. ನಾನೇ ಇನ್ನೂ ನಂಬಿಲ್ಲ! ಬೆಳಿಗ್ಗೆಯಿಂದ ಇಬ್ಬರಿಗೆ ಹೇಳ್ದೆ. ಒಬ್ಬ "ಸುಳ್ಳು ಬುಡಬ್ಯಾಡ ಕಣ್ಲಾ" ಅಂದ. ಇನ್ನೊಬ್ಬ ನಕ್ಕು ನಕ್ಕು ಅಂಗಿ ಮೇಲೆ ಟೀ ಚೆಲ್ಕೊಂಡ. ಆದ್ರೆ ನೇರವಾಗಿ ನಿನ್ನೆದನ್ನೇ ಹೇಳಿದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ. ಯಾಕಂದ್ರೆ ಇಂಥವು ನಂಗೆ ಎಂಟು ತಿಂಗಳಿಂದ ಆಗ್ತಾನೇ ಅವೆ, ಒಂದು ಮುಗೀತು ಅನ್ನೋವಷ್ಟರಲ್ಲಿ ಇನ್ನೊಂದು. ಎಲ್ಲಾದಕ್ಕೂ ಕಾರಣ ಗೋಧಿ ಕಣ್ರೀ, ಗೋಧಿ!

ನಾನು ಪಿರಿಯಾಪಟ್ಟಣದ ಒಂದು ಬೇಕರಿಯ ಲೈನ್ ಹುಡುಗ. ಅಂದ್ರೆ ಗೂಡ್ಸ್ ಆಟೋಲಿ ಬನ್ನು, ಬ್ರೆಡ್ಡು, ರಸ್ಕು ತುಂಬ್ಕೊಂಡು ರಾವಂದೂರು, ಕೊಪ್ಪ, ಹುಣಸೂರು ರಸ್ತೆ ಅಂಗಡಿಗಳಿಗೆಲ್ಲ ಇಳಿಸಿ ಬರೋ ಕೆಲ್ಸ. ರಾವಂದೂರಲ್ಲಿ ಒಂದು ಅಂಗಡಿ ಐತೆ. ನಾನು ಟ್ರೇ ಇಳಿಸೋವಾಗ ಅಂಗಡಿಯವ್ರ ಮಗಳು ಬಂದು ಬನ್ನು ಎಣಿಸ್ಕೊತಾಳೆ. "ಇಪ್ಪತ್ನಾಲ್ಕು ಸರಿ ಐತೆ" ಅಂತಾಳೆ. ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆಗಿರೋ ಮಾತು ಹೆಚ್ಚೂ ಕಮ್ಮಿ ಅಷ್ಟೇ. ಆದ್ರೆ ಅದನ್ನ ಅವಳು ಹೇಳೋ ರೀತಿ ಐತಲ್ಲ... ಬುಡಿ. ನಂಗೆ ಬೇಕಾಗಿರೋದು ಆ ಹುಡುಗಿ. ಅಡ್ಡ ನಿಂತಿರೋದು ಗೋಧಿ.

೧. ಕಾಯಿಲೆನೇ ಅಲ್ಲ ಬುಡು

ಹೋದ ವರ್ಷ ಪೂರ್ತಿ ನನ್ನ ಹೊಟ್ಟೆ ಸರಿ ಇರ್ಲಿಲ್ಲ. ತಿಂದದ್ದು ಹೊಟ್ಟೇಲಿ ನಿಲ್ತಿರ್ಲಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ತಿರ್ಲಿಲ್ಲ. ಅವ್ವ ದೃಷ್ಟಿ ತೆಗೆದ್ಲು. ಪಕ್ಕದ ಮನೆಯವ್ರು ಜಂತುಹುಳದ ಮಾತ್ರೆ ಕೊಟ್ರು. ಯಾರೋ ಒಬ್ರು "ಲವ್ವಾಗೈತೆ ಅನ್ನಿಸ್ತದೆ" ಅಂದ್ರು, ಅದು ನಿಜಾನೇ ಆಗಿತ್ತು, ಆದ್ರೆ ಅದಕ್ಕೆ ಭೇದಿ ಆಗಲ್ವಲ್ಲ!

ಕೊನೆಗೆ ಮೈಸೂರಲ್ಲಿ ಡಾಕ್ಟ್ರು ರಕ್ತ ತೆಗೆದು, ಗಂಟಲೊಳಗೆ ಕ್ಯಾಮೆರಾ ಪೈಪು ಇಳಿಸಿ, ಹದಿನೈದು ದಿನ ಬಿಟ್ಟು ಕರೆದು ಹೇಳಿದ್ರು. "ಇದಕ್ಕೆ ಸೀಲಿಯಾಕ್ ಅಂತಾರೆ. ಗೋಧೀಲಿ ಗ್ಲುಟನ್ ಅಂತ ಒಂದು ಅಂಶ ಇರುತ್ತೆ. ನಿನ್ನ ಕರುಳಿಗೆ ಅದು ಆಗಲ್ಲ. ಗೋಧಿ ಬಿಡೋದೇ ಔಷಧಿ. ಚಪಾತಿ, ಮೈದಾ, ರವೆ, ಶ್ಯಾವಿಗೆ ಯಾವುದೂ ಒಂದು ಚೂರೂ ಮುಟ್ಟಬಾರದು."

"ಎಷ್ಟು ದಿನ ಸಾರ್?"

"ಜೀವ ಇರೋವರ್ಗೂ. ಅಂದಹಾಗೆ ಏನ್ ಕೆಲ್ಸ ಮಾಡ್ತೀಯಪ್ಪ?"

"ಬೇಕರಿ ಲೈನು ಸಾರ್. ಬನ್ನು ಹಾಕ್ತೀನಿ."

ಡಾಕ್ಟ್ರು ಪೆನ್ನು ಕೆಳಗಿಟ್ರು. ನಗಬಾರ್ದು ಅಂತ ಪಾಪ ಎಷ್ಟು ಕಷ್ಟಪಟ್ರು ಅಂದ್ರೆ, ಕಣ್ಣಲ್ಲಿ ನೀರು ಬಂದ್ಬಿಡ್ತು.

ಅಪ್ಪಂಗೆ ಇನ್ನೊಂದು ಚಿಂತೆ. "ನಮ್ಮೊಲದಾಗೆ ರಾಗಿ ಬೆಳುದ್ವಿ, ಒಗೆಸೊಪ್ಪು ಬೆಳುದ್ವಿ. ಗೋಧಿ ಗಿಡ ಎಂಗಿರ್ತದೆ ಅಂತ್ಲೂ ನೋಡ್ದೋರಲ್ಲ. ಆ ಗೋಧಿಗೂ ನಮ್ಗೂ ಯಾವ ಜನ್ಮದ ದ್ವೇಷ ಸಾ?" ಅಂತ ಡಾಕ್ಟ್ರನ್ನೇ ಕೇಳ್ದ.

ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಮುದ್ದೆ ತಿನ್ಬೋದಾ?"

"ಧಾರಾಳವಾಗಿ ತಿನ್ಲಿ ತಾಯಿ. ರಾಗೀಲಿ ಅದಿಲ್ಲ."

ಅವ್ವ ಸೆರಗು ಸರಿ ಮಾಡ್ಕೊಂಡು ಎದ್ದೇಬುಟ್ಲು. "ಮುದ್ದೆ ತಿನ್ಬೋದು ಅಂದ್ಮೇಲೆ ಅದು ಕಾಯಿಲೆನೇ ಅಲ್ಲ ಬುಡ್ಲಾ. ಏಳು, ಬಸ್ಸಿಗೆ ಒತ್ತಾಯ್ತು!"

೨. ರಸ್ಕು ತಿನ್ನೋ ನಾಟಕ

ಬೆಳಿಗ್ಗೆ ಆರು ಗಂಟೆಗೆ ನಮ್ಮ ಬೇಕರೀಲಿ ಒವನ್ ಬಾಗ್ಲು ತೆಗೀತಾರೆ. ಆ ವಾಸನೆ ಗೊತ್ತಲ್ಲ ನಿಮಗೆ? ಕಾದ ಹಾಲಿನ ಥರ ಒಂಚೂರು, ಹುರಿದ ಸಕ್ಕರೆ ಥರ ಒಂಚೂರು. ಬನ್ನಿನ ಮೇಲೆ ಬೆರಳಲ್ಲಿ ಒತ್ತಿದ್ರೆ ತಗ್ಗಿ ಮತ್ತೆ ಮೆಲ್ಲಗೆ ಎದ್ದು ಬರ್ತದೆ, ಮಗೀನ ಕೆನ್ನೆ ಹಂಗೆ. ಮೊದ್ಲು ನಾನು ದಿನಾ ಒಂದು ಬಿಸಿ ಬನ್ನು ಸೀಳಿ, ಒಳಗೆ ಬೆಣ್ಣೆ ಇಟ್ಟು, ಆಟೋ ಸೀಟ್ ಮೇಲೆ ಕೂತು, ಕಣ್ಮುಚ್ಕೊಂಡು ತಿಂತಿದ್ದೆ. ಈಗ ಅದೇ ಟ್ರೇಗಳು ಹಿಂದಿನಿಂದ ನನ್ನ ಬೆನ್ನಿಗೆ ಬಿಸಿ ತಾಗಿಸ್ಕೊಂಡು ಬರ್ತವೆ. ಹಂಪು ಹಾರಿದಾಗೆಲ್ಲ ವಾಸನೆ ಮೂಗಿಗೆ ಬಡೀತದೆ. ಮುಖಕ್ಕೆ ಟವೆಲ್ ಸುತ್ಕೊಂಡು ಓಡಿಸ್ತೀನಿ. ಜನ ಧೂಳಿಗೆ ಅಂದ್ಕೊಂಡವ್ರೆ.

ಅದನ್ನಾದ್ರೂ ತಡ್ಕೊಬೋದು. ನಮ್ಮ ಲೈನಲ್ಲಿ ಒಂದು ಪದ್ಧತಿ ಐತೆ. ಮಾಲು ಇಳಿಸಿದ ಮೇಲೆ ಅಂಗಡಿಯವ್ರು ಟೀ ಕೊಡ್ತಾರೆ, ಪ್ಯಾಕೆಟ್ ಒಡೆದು ಒಂದು ರಸ್ಕು ನಂಗೆ ಕೊಡ್ತಾರೆ, ನಾನು ಕಚ್ಚಿದ ಮೇಲೆ ಅವ್ರು ಕಚ್ಚೋದು. ನಾನು ಬೇಡ ಬೇಡ ಅನ್ನೋಕೆ ಶುರು ಮಾಡಿದ ವಾರದಲ್ಲೇ ರಾವಂದೂರಿನ ಅಂಗಡಿಯವ್ರು, ಅದೇ ಹುಡುಗಿ ಅಪ್ಪ, ಹುಬ್ಬು ಗಂಟು ಹಾಕಿದ್ರು. "ಏನಪ್ಪಾ, ನಿನ್ ಮಾಲು ನೀನೇ ತಿನ್ನಲ್ಲ ಅಂತೀಯ. ಏನ್ ಬೆರೆಸ್ತಾ ಇದೀರಿ ಅದ್ಕೆ?"

ನಿಜ ಹೇಳೋಣ ಅಂದ್ರೆ ಅವ್ವ ಆಣೆ ಹಾಕಿಸ್ಕೊಂಡಿದ್ಲು. "ಮದ್ವೆ ಆಗೋಗಂಟ ಯಾರ ತಾವೂ ಬಾಯಿ ಬುಡಬ್ಯಾಡ ಮಗಾ. ಕಾಯಿಲೆ ಗಂಡು ಅಂತ ಎಸ್ರು ಬಿದ್ರೆ ಎಣ್ಣು ಯಾರ್ ಕೊಟ್ಟಾರು?" ನಮ್ಮ ಓನರ್ರನ್ನ ಕೇಳಿದ್ರೆ ಅವ್ರು ಇನ್ನೂ ಒಂದು ಕೈ ಮೇಲು. "ತಿನ್ನಬೇಡ ಕಣಪ್ಪಾ. ತಿಂದಂಗೆ ಕಾಣು, ಸಾಕು."

ಹಂಗೇ ಮಾಡ್ದೆ! ರಸ್ಕು ಟೀಲಿ ಅದ್ದೋದು, ಬಾಯಿ ಹತ್ರ ತರೋದು, "ಆಹಾ, ಇವತ್ತಿಂದು ಬೊಂಬಾಟ್" ಅನ್ನೋದು, ಅಂಗಡಿಯವ್ರು ಗಿರಾಕಿ ಕಡೆ ತಿರುಗಿದ ತಕ್ಷಣ ಹಿಂದೆ ನಿಂತಿರೋ ನಾಯಿಗೆ ಎಸೆಯೋದು, ಆಮೇಲೆ ನಲ್ಲಿ ಹತ್ರ ಹೋಗಿ ಕೈ ಮೂರು ಸಲ ತೊಳೆಯೋದು. ಈಗ ನನ್ನ ಆಟೋ ತಿರುವಲ್ಲಿ ಕಂಡ್ರೆ ಆ ನಾಯಿ ಎದ್ದು ಮೈ ಮುರೀತದೆ. ಮೊನ್ನೆ ಅಂಗಡಿಯವ್ರು ನಮ್ಮಿಬ್ಬರನ್ನೂ ಒಂದ್ಸಲ ನೋಡಿ ಅಂದ್ರು, "ವಿಚಿತ್ರ ಕಣಯ್ಯ. ಏನೂ ಹಾಕ್ದೆ ಈ ನಾಯಿ ದಪ್ಪ ಆಯ್ತಾ ಅದೆ. ದಿನಾ ರಸ್ಕು ತಿಂದೂ ನೀನು ಸಣ್ಣ ಆಯ್ತಾ ಇದೀಯ!"

೩. ಸಾಹೇಬ್ರು ಬಂದವ್ರೆ

ನಮ್ಮೂರಂಗಡೀಲಿ ಪ್ಯಾಕೆಟ್ ಹಿಂದಿಂದು ಓದ್ತಾ ನಿಂತ್ರೆ ಗುಟ್ಟು ಗೊತ್ತಾಗ್ತದೆ ಅಂತ ಹುಣಸೂರಿಗೆ ಹೋದೆ. ದೊಡ್ಡ ದಿನಸಿ ಅಂಗಡಿ. ಅವ್ವನ ಚೀಟೀಲಿ ಮೊದಲ್ನೇದು ಇಂಗು. ಡಬ್ಬಿ ತಿರುಗಿಸಿ, ಇರುವೆ ಸಾಲಿನಂಗಿರೋ ಅಕ್ಷರಾನ ಮೊಬೈಲಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡ್ತೀನಿ, ಗೋಧಿ ಹಿಟ್ಟು! ಇಂಗಲ್ಲಿ! ಇಂಗಲ್ಲಿ ಗೋಧಿಗೇನ್ರೀ ಕೆಲ್ಸ? ಇನ್ನೊಂದು ಕಂಪನಿದು ನೋಡ್ದೆ, ಅದ್ರಲ್ಲೂ ಮೈದಾ. ಸೋಯಾ ಸಾಸು, ಗೋಧಿ. ಚಕ್ಕುಲಿ ಪ್ಯಾಕೆಟ್ಟು, ಮೈದಾ. ಒಂದೊಂದಕ್ಕೂ ಫೋಟೋ ತೆಗೀತಾ, "ಛೆ ಛೆ" ಅಂತ ತಲೆ ಆಡಿಸ್ತಾ, ವಾಪಸ್ ಇಡ್ತಾ ಹೋದೆ.

ಸ್ವಲ್ಪ ಹೊತ್ತಿಗೆ ನೋಡ್ತೀನಿ, ಗಲ್ಲಾ ಮೇಲಿದ್ದ ಯಜಮಾನ್ರು ಎದ್ದು ನಿಂತವ್ರೆ. "ಯಾಕ್ ಸಾರ್ ನಿಂತ್ಬಿಟ್ರಿ, ಕೂತ್ಕೊಳಿ." ಕುರ್ಚಿ ಬಂತು. ಫ್ಯಾನ್ ನನ್ನ ಕಡೆ ತಿರುಗ್ತು. ಆ ಕಡೆ ಅವರ ಹೆಂಡ್ತಿ ಹಿಂದಿನ ಶೆಲ್ಫಿಂದ ಪ್ಯಾಕೆಟ್ಟುಗಳನ್ನ ಸರಸರ ಚೀಲಕ್ಕೆ ತುಂಬ್ತಾವ್ರೆ.

"ಅವು ಹಳೇವು ಸಾರ್, ವಾಪಸ್ ಕಳಿಸೋಕೆ ಎತ್ತಿಟ್ಟಿದ್ದು. ಮಾರೋಕಲ್ಲ!"

"ಅಯ್ಯೋ ಇರ್ಲಿ ಬುಡಿ, ನಾನು ಸುಮ್ನೆ ನೋಡ್ತಾ ಇದೀನಿ" ಅಂದೆ. ಯಜಮಾನ್ರಿಗೆ ಇನ್ನೂ ಜಾಸ್ತಿ ಬೆವರು.

"ಸಾರ್, ಯಾವ ಡಿಪಾರ್ಟ್‌ಮೆಂಟು?"

"ಡಿಪಾರ್ಟ್‌ಮೆಂಟ್ ಯಾವುದೂ ಇಲ್ಲ ಕಣ್ರೀ. ಹೊಟ್ಟೆಪಾಡು, ಅದಕ್ಕೇ ಬಂದೆ."

"ಗೊತ್ತಾಯ್ತು ಸಾರ್. ಎಲ್ಲ ಸಾಹೇಬ್ರೂ ಅದಕ್ಕೇ ಬರೋದು" ಅಂತ ಅರ್ಧ ಕೆಜಿ ಬಾದುಷಾ ಡಬ್ಬಿ ನನ್ನ ಕೈಗೆ ತುರುಕಿ ಕಳಿಸೇಬಿಟ್ರು.

ಬಾದುಷಾ! ಅಪ್ಪಟ ಮೈದಾ! ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ದಾರೀಲಿ ಒಂದ್ಸಲ ಮುಚ್ಚಳ ತೆಗೆದೆ. ನೋಡ್ದೆ. ಮುಚ್ಚಿದೆ. ಇನ್ನೊಂದು ಸ್ವಲ್ಪ ದೂರ ಬಂದ್ಮೇಲೆ ಮತ್ತೆ ತೆಗೆದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ತಡೀಲಾರ್ದೆ ಕೇಳ್ದ, "ಯಾಕ್ ಮಗಾ, ಅವು ತಪ್ಪಿಸ್ಕೊಂಡು ಓಡೋಯ್ತವಾ?"

೪. ಆಕ್ಸಿಡೆಂಟ್ ಮೋಮೋ

ಟಿಬೆಟ್‌ನವ್ರ ಕ್ಯಾಂಪ್ ಪಕ್ಕದ ನಮ್ಮ ಕೊಪ್ಪದಲ್ಲಿ ಒಬ್ರು ಟಿಬೆಟಿ ಆಂಟಿ ಮೋಮೋ ಮಾಡ್ತಾರೆ, ಅದೇ ಮೈದಾ ಹಾಳೇಲಿ ಕೋಸು ತುಂಬಿ ಹಬೇಲಿ ಬೇಯಿಸೋ ಕಡುಬು. ನಮಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ. ಬುಧವಾರ ಕೊಪ್ಪದ ಲೈನು ಮುಗಿಸಿ ಒಂದು ಪ್ಲೇಟು ಮೋಮೋ ತಿನ್ನೋದು ನಂಗೆ ಸಂಬಳ ಬಂದಷ್ಟು ಸಂತೋಷ. ಡಾಕ್ಟ್ರು ಹೇಳಿದ ಮೇಲೆ ಬರೀ ಎದುರುಗಡೆ ನಿಂತ್ಕೊಂಡು ಹಬೆ ನೋಡ್ತಿದ್ದೆ.

"ಯಾಕೋ ತಮ್ಮಾ, ನನ್ನ ಮೇಲೆ ಕೋಪಾನಾ?" ಅಂತ ಒಂದಿನ ಕರೆದೇಬಿಟ್ರು. ಅವರೊಬ್ಬರಿಗೆ ನಿಜ ಹೇಳ್ದೆ. ಅವ್ರೇನು ನಮ್ಮ ಸಂಬಂಧಿಕರಲ್ಲಿ ಹೋಗಿ ಹೇಳಲ್ವಲ್ಲ.

ಮುಂದಿನ ಬುಧವಾರ ಅವ್ರು ನಂಗೇ ಅಂತ ಬೇರೆ ಪಾತ್ರೇಲಿ ಅಕ್ಕಿಹಿಟ್ಟಿನ ಮೋಮೋ ಇಟ್ಟಿದ್ರು. ಸಾಸು ಗೀಸು ಏನೂ ಇಲ್ಲ, ಬರೀ ಕೋಸು, ಈರುಳ್ಳಿ, ಉಪ್ಪು. ಮುಚ್ಚಳ ತೆಗೆದ್ರೆ ಒಂದೂ ಮೋಮೋ ಉಳಿದಿಲ್ಲ, ಎಲ್ಲ ಒಡೆದು ಕಲಸಿಹೋಗಿ ಗಂಜಿ ಆಗೈತೆ. ಆಂಟಿ ಒಳಗೆ ಇಣುಕಿ ನೋಡಿ ಗಂಭೀರವಾಗಿ ಅಂದ್ರು, "ಇದು ಮೋಮೋ ಅಲ್ಲ ತಮ್ಮಾ. ಆಕ್ಸಿಡೆಂಟು."

ನಾನು ಆ ಆಕ್ಸಿಡೆಂಟನ್ನ ಚಮಚ ಹಾಕ್ಕೊಂಡು ಪೂರ್ತಿ ತಿಂದೆ ಕಣ್ರೀ. ರುಚಿ ಅದಲ್ಲ. ಆದ್ರೂ ಅದೇ ಹಬೆ, ಅದೇ ಬೆಂಚು. ಕಣ್ಣು ಯಾಕೋ ತುಂಬ್ಕೊಂಡ್ವು.

"ಖಾರ ಜಾಸ್ತಿ ಆಯ್ತಾ?" ಅಂದ್ರು ಆಂಟಿ.

"ಹೂಂ ಆಂಟಿ, ಖಾರ" ಅಂದೆ. ಅದಕ್ಕೆ ಖಾರಾನೇ ಹಾಕಿರ್ಲಿಲ್ಲ.

೫. ಕೇಸರಿಬಾತು ನೋಡೋ ಶಾಸ್ತ್ರ

ಇಷ್ಟರಲ್ಲಿ ಅವ್ವ ನನ್ನ ಒಂದು ಮಾತೂ ಕೇಳ್ದೆ ಎಚ್.ಡಿ.ಕೋಟೆ ಕಡೆ ಒಂದು ಹೆಣ್ಣು ನೋಡೋಕೆ ಕರ್ಕೊಂಡು ಹೋದ್ಲು. ಹೆಣ್ಣು ನೋಡೋ ಮನೇಲಿ ತಿಂಡಿ ಏನಿರ್ತದೆ? ಉಪ್ಪಿಟ್ಟು, ಕೇಸರಿಬಾತು. ಅದು ಬುಟ್ರೆ ಇನ್ನೇನಾದ್ರೂ ಇರ್ತದಾ? ತಟ್ಟೇಲಿ ಈ ಅರ್ಧ ರವೆ, ಆ ಅರ್ಧಾನೂ ರವೆ! ತಿನ್ನೋಂಗಿಲ್ಲ, ಹೇಳೋಂಗೂ ಇಲ್ಲ. "ಹೊಟ್ಟೆ ತುಂಬೈತೆ" ಅಂತ ತಟ್ಟೆ ಪಕ್ಕಕ್ಕೆ ಸರಿಸ್ದೆ. ಅಲ್ಲಿದ್ದೋರೆಲ್ಲ ನನ್ನ ಮುಖ ನೋಡ್ಲೇ ಇಲ್ಲ, ತಟ್ಟೆ ನೋಡಿದ್ರು. ತಿಂಡಿ ಮುಟ್ಟಲಿಲ್ಲ ಅಂದ್ರೆ ಹೆಣ್ಣು ಒಪ್ಪಲಿಲ್ಲ ಅಂತ ಅರ್ಥ ಅಂತೆ. ನಾವಿನ್ನೂ ಚಪ್ಪಲಿ ಹಾಕ್ಕೊಳ್ಳೋಕೆ ಮುಂಚೆನೇ ಸಂಬಂಧ ಮುರಿದಿತ್ತು.

ಬಸ್ಸಲ್ಲಿ ಅವ್ವ ಬೆನ್ನಿಗೆ ಗುದ್ದಿದ್ಲು. "ಓಗ್ಲಿ, ಎಣ್ಣು ಎಂಗಿತ್ತು? ಅದ್ನಾರ ಏಳು."

"ಮೇಲೆ ಗೋಡಂಬಿ ಇತ್ತು ಕಣವ್ವ. ಸುತ್ತ ತುಪ್ಪ ಹರೀತಿತ್ತು" ಅಂದೆ.

ಆಮೇಲೆ ಧೈರ್ಯ ಮಾಡಿ ರಾವಂದೂರಿನ ಹುಡುಗಿ ವಿಷ್ಯ ಹೇಳ್ದೆ. ಅವ್ವ ಬೈತಾಳೆ ಅಂದ್ಕೊಂಡಿದ್ದೆ, ಅವಳಿಗೆ ಖುಷಿ! ಚಿಕ್ಕಮ್ಮನ ಕೈಲಿ ಕೇಳಿಸಿದ್ಲು, ಅವ್ರೂ ಬನ್ನಿ ಅಂದ್ರು. ಆದ್ರೆ ಹೊರಡೋ ಮುಂಚೆ ಅವ್ವ ಕೈ ಹಿಡ್ಕೊಂಡು ಅಂದ್ಲು, "ಈ ಸಲ ಎರಡೇ ಎರಡು ಚಮಚ ತಿಂದುಬುಡು ಮಗಾ. ನಿನ್ ಕಾಲಿಗೆ ಬೀಳ್ತೀನಿ." ಅವಳಿಗೆ ಎರಡು ಚಮಚ. ನಂಗೆ ನಾಲ್ಕು ದಿನ ಹಾಸಿಗೆ.

೬. ರಾವಂದೂರಿನ ತಟ್ಟೆ

ನಿನ್ನೆ ಹನ್ನೊಂದು ಗಂಟೆಗೆ ಹೋದ್ವಿ, ಅಪ್ಪ, ಅವ್ವ, ನಾನು. ಅಂಗಡಿ ಹಿಂದೇನೇ ಮನೆ. ಹುಡುಗಿ ತಾಯಿ ಅಡುಗೆ ಮನೇಲಿ. ನಡುಮನೇಲಿ ಅವರಪ್ಪ, ಮೂಲೇಲಿ ಅಡಿಕೆ ಕುಟ್ತಾ ಕೂತಿದ್ದ ಅವಳ ಅಜ್ಜಿ. ಅಜ್ಜಿಗೆ ಕಿವಿ ಮಂದ, ಬಾಯಿ ಚುರುಕು.

ಅವಳು ಬಂದ್ಲು. ಹಸಿರು ಸೀರೆ. ತಟ್ಟೆ ನನ್ನ ಮುಂದೆ ಇಟ್ಲು. ಒಗ್ಗರಣೆ ಹಾಕಿದ ಬಿಸಿ ಉಪ್ಪಿಟ್ಟು, ಪಕ್ಕದಲ್ಲಿ ಕೇಸರಿಬಾತು. ಹೋದ ಸಲ ನಂಗೆ ಬೇಕು ಅನ್ನಿಸಿದ್ದು ಬರೀ ತಿಂಡಿ. ಈ ಸಲ ಎರಡೂ ಬೇಕು, ಎರಡೂ ಎದುರುಗಡೇನೇ ಅವೆ!

ಚಮಚ ಎತ್ತಿದೆ. ಅವ್ವ ಕೆಮ್ಮಿದ್ಲು. ಚಮಚ ಬಾಯಿ ಹತ್ರ ತಂದೆ. ಎಂಟು ತಿಂಗಳ ಅಭ್ಯಾಸ ನಂಗೆ, ಆದ್ರೆ ಇಲ್ಲಿ ನಾಯಿ ಇಲ್ವಲ್ಲ! ಆಗ ಅನ್ನಿಸ್ತು, ಇವತ್ತು ಸುಳ್ಳು ಹೇಳಿ ಕಟ್ಕೊಂಡ್ರೆ ನಾಳೆಯಿಂದ ಇವಳ ಮುಂದೆ ದಿನಾ ಮೂರು ಹೊತ್ತು ನಾಟಕ ಆಡ್ಬೇಕಲ್ಲ. ಚಮಚ ಕೆಳಗಿಟ್ಟೆ.

"ನಂಗೆ ಗೋಧಿ ಆಗಲ್ಲ. ಸೀಲಿಯಾಕ್ ಅಂತ. ಅಂಟೋ ಕಾಯಿಲೆ ಅಲ್ಲ, ಸಾಯೋ ಕಾಯಿಲೆನೂ ಅಲ್ಲ. ಆದ್ರೆ ಜೀವ ಇರೋಗಂಟ ನಾನು ಗೋಧಿ ತಿನ್ನೋಂಗಿಲ್ಲ."

ಅವ್ವ ಕಣ್ಮುಚ್ಕೊಂಡ್ಲು.

"ಗೋಧಿ ಆಗಲ್ಲ ಅಂದ್ರೆ ಗೋಧಿ ತಿನ್ಬೇಡಪ್ಪ" ಅಂದ್ರು ಅಂಗಡಿಯವ್ರು. "ಇದು ಉಪ್ಪಿಟ್ಟು."

"ರವೇನೂ ಗೋಧಿದೇ ಮಾವ" ಅಂದೆ. ಮಾವ ಅಂದ್ಬಿಟ್ಟೆ ಕಣ್ರೀ! ಇನ್ನೂ ಯಾರೂ ಏನೂ ಒಪ್ಪಿಲ್ಲ!

ಅವರ ಮುಖ ಕೆಂಪಾಯ್ತು. "ಹಂಗಾದ್ರೆ ದಿನಾ ನನ್ನ ಕಣ್ಣೆದುರಿಗೆ ರಸ್ಕು ಅದ್ದಿ ಅದ್ದಿ ಆಹಾ ಅಂತಿದ್ದೆ, ಅದನ್ನೇನು ಮಣ್ಣಲ್ಲಿ ಮಾಡಿದ್ರಾ? ನಮ್ಮನೆ ತಟ್ಟೆ ಕಂಡ ತಕ್ಷಣ ಕಾಯಿಲೆ ಬಂತಾ? ಹೆಣ್ಣು ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ಕಥೆ ಕಟ್ಬೇಡ."

ಅಪ್ಪ ಟವೆಲ್ ಹೆಗಲಿಗೆ ಹಾಕ್ಕೊಂಡು ಏಳೋಕೆ ರೆಡಿ ಆದ. ಮುಗೀತು ಅಂದ್ಕೊಂಡೆ.

ಆಗ ಬಾಗ್ಲು ಹತ್ರದಿಂದ ಅವಳ ದನಿ. "ಅವ್ರು ತಿನ್ನಲ್ಲ ಅಪ್ಪಾ. ನಾಯಿಗೆ ಹಾಕ್ತಾರೆ. ಎಂಟು ತಿಂಗಳಿಂದ ನೋಡ್ತಾ ಇದೀನಿ."

ಎಂಟು ತಿಂಗಳಿಂದ! ನನ್ನನ್ನ! ನೋಡ್ತಾ ಅವ್ಳಂತೆ!

"ನೀನ್ಯಾಕಮ್ಮ ಎಂಟು ತಿಂಗಳಿಂದ ಅವನನ್ನ ನೋಡ್ತಿದ್ದೆ?" ಅಂತ ಅವರಪ್ಪ ಅತ್ತ ತಿರುಗಿದ್ರು.

ಅವಳು ಒಳಗೆ ಓಡಿಬಿಟ್ಲು. ನಮ್ಮಪ್ಪ ಮತ್ತೆ ಕೂತ್ಕೊಂಡ.

ಸ್ವಲ್ಪ ಹೊತ್ತಾದ ಮೇಲೆ ಈಚೆ ಬಂದ್ಲು. ಕೈಲಿ ಬೇರೆ ತಟ್ಟೆ. ಅದ್ರಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು! "ಮನೆಯೋರಿಗೆ ಅಂತ ಬೆಳಿಗ್ಗೆ ನಾನೇ ಕಟ್ಟಿದ್ದು. ಇದಾದ್ರೆ ಆಗ್ತದಲ್ಲ?" ಅಂದ್ಲು, ನನ್ನ ನೋಡ್ದೆ.

ಹೆಣ್ಣು ನೋಡೋಕೆ ಬಂದ ಗಂಡಿಗೆ ಮುದ್ದೆ ಇಕ್ಕಿದ್ದನ್ನ ಎಲ್ಲಾದ್ರೂ ಕೇಳಿದೀರಾ? ಅವ್ವ ಕಣ್ಣು ಬಿಟ್ಟು "ಇದೇನವ್ವ ಇದು, ಗಂಡಿಗೆ ಮುದ್ದೆ ಇಕ್ತಾರಾ?" ಅಂದ್ಲು. ಅಪ್ಪ ನಕ್ಬುಟ್ಟ. "ಇಕ್ಲಿ ಬುಡಮ್ಮಿ. ಮನೆಯೋರಿಗಲ್ವಾ ಮುದ್ದೆ ಇಕ್ಕೋದು?" ಅದನ್ನ ಕೇಳಿ ಅಂಗಡಿಯವ್ರ ಮುಖಾನೂ ಸಡಿಲ ಆಯ್ತು. "ಊಟ ಮಾಡಪ್ಪ, ಊಟ ಮಾಡು" ಅಂದ್ರು.

ಮುರಿದೆ. ಸಾರಲ್ಲಿ ಅದ್ದಿದೆ. ದೊಡ್ಡ ತುತ್ತು ಬಾಯಿಗೆ ಇಟ್ಕೊಂಡೆ. ಬೆಣ್ಣೆ ಕಣ್ರೀ! ಇಂಥಾ ನುಣುಪಾದ ಮುದ್ದೆ ನಮ್ಮವ್ವನೂ ಮಾಡಿದ್ದಿಲ್ಲ. ಎಂಟು ತಿಂಗಳ ಆಸೆ ಎಲ್ಲ ಆ ಒಂದು ತುತ್ತಲ್ಲಿ ತೀರ್ತು ಅನ್ನಿಸ್ತು.

ಅಜ್ಜಿ ಅಡಿಕೆ ಕುಟ್ಟೋದು ನಿಲ್ಸಿ ಹತ್ರ ಸರಿದು ಬಂತು. "ಎಂಗದೆ ಮಗಾ ಮುದ್ದೆ? ನುಣ್ಣಗದಾ?"

ಬಾಯಿ ತುಂಬಿತ್ತು. ಜೋರಾಗಿ ತಲೆ ಆಡಿಸ್ದೆ.

"ಯಾಕಂಗೆ ನುಣ್ಣಗದೆ ಗೊತ್ತಾ? ಯಾರ್ಗೂ ಏಳಬ್ಯಾಡ, ನನ್ ಸೊಸೆಗೂ ಗೊತ್ತಿಲ್ಲ, ಮೊಮ್ಮಗಳಿಗೂ ಗೊತ್ತಿಲ್ಲ" ಅಂತ ಅಜ್ಜಿ ಇಡೀ ಬೀದಿಗೆ ಕೇಳೋ ಹಂಗೆ ಗುಟ್ಟು ಹೇಳ್ತು. "ರಾಗಿ ಮಿಲ್ಲಿಗೆ ಕಳ್ಸುವಾಗ ನಾನು ಚೀಲದೊಳಕ್ಕೆ ಎರಡು ಸೇರು ಗೋಧಿ ಬೆರೆಸ್ತೀನಿ!"

ಹುಡುಗಿ ಕೈ ಬಾಯಿ ಮೇಲೆ ಹೋಯ್ತು. ಅವ್ವ ಮತ್ತೆ ಕಣ್ಮುಚ್ಕೊಂಡ್ಲು. ಅಂಗಡಿಯವ್ರು ಅಜ್ಜಿ ಮುಖ ನೋಡ್ತಾವ್ರೆ, ಅಪ್ಪ ನನ್ನ ಮುಖ ನೋಡ್ತಾವ್ನೆ. ತುತ್ತು ನನ್ನ ನಾಲಿಗೆ ಮೇಲೈತೆ. ಮುದ್ದೇನ ಯಾರೂ ಅಗಿಯಲ್ಲ, ಅಗೀತಾ ಹೊತ್ತು ತಳ್ಳೋಣ ಅಂದ್ರೆ ಅದೂ ಆಗಲ್ಲ. ನುಂಗಿದ್ರೆ ನಾಲ್ಕು ದಿನ ಹಾಸಿಗೆ, ಈಗಷ್ಟೇ ಎದೆ ತಟ್ಟಿ ಹೇಳಿದ ನಿಜಾನೂ ನೀರುಪಾಲು. ಉಗಿದ್ರೆ, ಅವಳು ಕೈಯಾರೆ ಕಟ್ಟಿ ತಂದ ಮೊದಲ್ನೇ ತುತ್ತು, ಅವರಪ್ಪನ ಮುಂದೆ, ಅವರ ಮನೆ ತಟ್ಟೆಗೆ! ಅವಳ ಕಣ್ಣು ನೋಡ್ದೆ. ಉಗೀರಿ ಅಂತಿದ್ವೋ ನುಂಗಿ ಅಂತಿದ್ವೋ ದೇವರಾಣೆಗೂ ಗೊತ್ತಾಗ್ಲಿಲ್ಲ.

ಅಜ್ಜಿ ನನ್ನ ಗದ್ದ ಹಿಡ್ಕೊಂಡು ಅಂತದೆ, "ನುಂಗು ಕಂದಾ, ಯಾಕಂಗೆ ಬಾಯಲ್ಲೇ ಮಡೀಕೊಂಡಿದ್ದೀಯ?"

ಹೇಳ್ರಪ್ಪಾ, ನಿಮ್ಮ ದಮ್ಮಯ್ಯ, ಆ ತುತ್ತು ನಿಮ್ಮ ಬಾಯಲ್ಲಿದ್ದಿದ್ರೆ ನೀವೇನ್ ಮಾಡ್ತಿದ್ರಿ?